ಎಣ್ಣೆ ಕ್ಯಾನಿನ ಮೇಲೊಂದು ತಾರೀಖು: ಕ್ಯಾಲೊರಿ ಲೆಕ್ಕ ಹಾಕಿದರೆ ತೂಕ ಇಳಿಯುತ್ತದಾ?

ಹೋದ ವರ್ಷ ಯುಗಾದಿ ಮುಗಿದ ವಾರ ನಮ್ಮ ಅಡುಗೆಮನೆಗೆ ಅಂಗೈ ಅಗಲದ ಒಂದು ತಕ್ಕಡಿ ಬಂತು. ಡಾಕ್ಟರು "ಆರು ಕೆಜಿ ಇಳಿಸಿ, ಮಾತ್ರೆ ವಿಷಯ ಆಮೇಲೆ ಮಾತಾಡೋಣ" ಅಂದಿದ್ದರು. ಫೋನಿಗೆ ಕ್ಯಾಲೊರಿ ಲೆಕ್ಕ ಹಾಕುವ ಆ್ಯಪ್ ಇಳಿಸಿಕೊಂಡೆ. ಮೊದಲ ದಿನ ಮಧ್ಯಾಹ್ನ ತಟ್ಟೆಯನ್ನು ತಕ್ಕಡಿ ಮೇಲಿಟ್ಟು "ಈಗ ಮುದ್ದೆ ಹಾಕು" ಅಂದಾಗ ಅಮ್ಮ ಮುದ್ದೆ ಕೋಲು ಹಿಡಿದುಕೊಂಡೇ ನಿಂತುಬಿಟ್ಟಳು. "ತಿನ್ನೋ ಊಟಾನ ತೂಕಕ್ಕೆ ಹಾಕ್ತಾರೇನೋ? ಇದೇನು ಸೊಸೈಟಿ ಅಂಗಡೀನಾ?"

ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಆರು ವಾರ ಲೆಕ್ಕ ಬರೆದು, ಅದರ ಹಿಂದಿನ ವಿಜ್ಞಾನವನ್ನೂ ಒಂದಿಷ್ಟು ಓದಿದ ಮೇಲೆ ಅರ್ಧ ಉತ್ತರ ಸಿಕ್ಕಿದೆ. ಲೆಕ್ಕ ಕೆಲಸಕ್ಕೆ ಬರುತ್ತದೆ, ಕೆಲವು ವಾರ. ಬರೆದ ಅಂಕಿಗಳು ಸುಮಾರಾಗಿ ತಪ್ಪೇ ಇದ್ದರೂ ಬರುತ್ತದೆ. ಅದು ಹೇಗೆ ಅಂತ ಹೇಳುವುದಕ್ಕೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಕ್ಯಾಲೊರಿ ಅನ್ನುವುದು ಆಹಾರದಲ್ಲಿರುವ ಪದಾರ್ಥ ಅಲ್ಲ. ಉಪ್ಪು, ಸಕ್ಕರೆ ಥರ ಬೇರೆ ತೆಗೆದಿಡುವುದಕ್ಕೆ ಬರುವುದಿಲ್ಲ. ಅದು ಶಾಖದ ಅಳತೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವುದಕ್ಕೆ ಬೇಕಾದ ಶಾಖವೇ ಒಂದು ಕಿಲೋಕ್ಯಾಲೊರಿ. ಪೊಟ್ಟಣದ ಮೇಲೆ, ಜಿಮ್ಮಿನಲ್ಲಿ, ನಮ್ಮ ಮಾತಿನಲ್ಲಿ ಬರುವ ಕ್ಯಾಲೊರಿ ಎಲ್ಲ ಇದೇ. 'ಕಿಲೋ' ಅನ್ನುವುದು ಬಾಯಲ್ಲಿ ಸವೆದುಹೋಗಿದೆ ಅಷ್ಟೇ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇದೆ. 20 ಡಿಗ್ರಿಯ ನಾಲ್ಕು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ ಅದು. ಒಂದು ದೊಡ್ಡ ಮುದ್ದೆಗೆ ಹೆಚ್ಚುಕಡಿಮೆ ಅಷ್ಟೇ ಹಿಟ್ಟು ಹೋಗುತ್ತದೆ. ದಿನವೆಲ್ಲ ನೇಗಿಲ ಹಿಂದೆ ನಡೆಯುತ್ತಿದ್ದ ನನ್ನ ತಾತನಿಗೆ ಹೊತ್ತಿಗೆ ಎರಡು ಮುದ್ದೆ ಬೇಕಿತ್ತು. ಕಂಪ್ಯೂಟರ್ ಮುಂದೆ ಕೂರುವ ಮೊಮ್ಮಗ ಅದೇ ಎರಡು ಮುದ್ದೆ ಉಂಡರೆ ಆ ಶಾಖ ಎಲ್ಲಿಗೆ ಹೋಗಬೇಕು?

ತಿಂದಿದ್ದರಲ್ಲಿ ಎಷ್ಟು ಶಾಖ ಮೈಗೆ ಸಿಗುತ್ತದೆ ಅಂತ ಕೂತು ಅಳೆದವರು ಅಮೆರಿಕದ ವಿಲ್ಬರ್ ಆಟ್‌ವಾಟರ್. 1890ರ ದಶಕದಲ್ಲಿ ಕನೆಕ್ಟಿಕಟ್ ರಾಜ್ಯದ ಮಿಡಲ್‌ಟೌನ್‌ನಲ್ಲಿ ಅವರು ಮತ್ತು ಜೊತೆಗಾರರು ಒಂದು ಪುಟ್ಟ ಕೋಣೆ ಕಟ್ಟಿಸಿದರು. ಅದರೊಳಗೆ ಒಬ್ಬ ಮನುಷ್ಯ ದಿನಗಟ್ಟಲೆ ಇರಬೇಕು. ಅವನು ತಿಂದಿದ್ದು, ಹೊರಹಾಕಿದ್ದು, ಬಿಟ್ಟ ಉಸಿರು, ಮೈಯಿಂದ ಬಂದ ಬಿಸಿ ಎಲ್ಲವನ್ನೂ ಅಳೆದರು. ಅವರ ಕೆಲಸದಿಂದ ಬಂದ ಅಂಕಿಗಳೇ ಇವತ್ತಿಗೂ ನಡೆಯುತ್ತಿವೆ. ಒಂದು ಗ್ರಾಂ ಪಿಷ್ಟಕ್ಕೆ 4, ಪ್ರೋಟೀನಿಗೆ 4, ಕೊಬ್ಬಿಗೆ 9. ಮದ್ಯಕ್ಕೆ 7. ಬಿಸ್ಕತ್ತು ಪೊಟ್ಟಣದ ಹಿಂದೆ ಇರುವುದು ಬಹುಪಾಲು ಇದೇ ಗುಣಾಕಾರ. ನಿಮ್ಮ ಕೈಯಲ್ಲಿರುವ ಬಿಸ್ಕತ್ತನ್ನು ಯಾರೂ ಸುಟ್ಟು ನೋಡಿಲ್ಲ.

ಇವು ಸರಾಸರಿ ಅಂಕಿಗಳು. ಸರಾಸರಿ ಅಂದ ಮೇಲೆ ಕೆಲವು ಕಡೆ ಎಡವುತ್ತದೆ. ಬಾದಾಮಿಯನ್ನೇ ನೋಡಿ. 28 ಗ್ರಾಂ ಬಾದಾಮಿಗೆ ಗುಣಾಕಾರದ ಲೆಕ್ಕದಲ್ಲಿ 170ರ ಹತ್ತಿರ ಬರುತ್ತದೆ. 2012ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು ಜನರಿಗೆ ನಿಜವಾಗಲೂ ತಿನ್ನಿಸಿ ಅಳೆದಾಗ ಮೈಗೆ ದಕ್ಕಿದ್ದು 129 ಮಾತ್ರ. ಎಷ್ಟು ಅಗಿದರೂ ಒಳಗಿನ ಕೊಬ್ಬು ಪೂರ್ತಿ ಹೊರಗೆ ಬರುವುದಿಲ್ಲ. ಒಂದಷ್ಟು ಹಾಗೇ ಹಾದುಹೋಗುತ್ತದೆ.

ಅದು ಪೊಟ್ಟಣದ ತಪ್ಪು. ನನ್ನ ತಪ್ಪು ಇನ್ನೂ ದೊಡ್ಡದಿತ್ತು. ಮೊದಲ ವಾರ ಅನ್ನ ತೂಗಿ, ಆ್ಯಪ್‌ನಲ್ಲಿ 'ಅಕ್ಕಿ' ಅಂತ ಬರೆಯುತ್ತಿದ್ದೆ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ. ಅದೇ ಅಕ್ಕಿ ನೀರು ಕುಡಿದು ಅನ್ನವಾದ ಮೇಲೆ ನೂರು ಗ್ರಾಂಗೆ 130ರ ಆಸುಪಾಸು. ಒಂದು ವಾರ ಅನ್ನವನ್ನು ಎರಡೂವರೆ ಪಟ್ಟು ಜಾಸ್ತಿ ಬರೆದುಕೊಂಡು ಹೆದರಿಕೊಂಡಿದ್ದೆ. ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಅನ್ನ ಬಿಟ್ಟು ರಾಗಿ ತಿಂದರೆ ಸಣ್ಣ ಆಗುತ್ತೀರಿ ಅಂತ ಎಲ್ಲರೂ ಹೇಳುತ್ತಾರೆ. ಒಣ ತೂಕಕ್ಕೆ ತೂಕ ನೋಡಿದರೆ ರಾಗಿಗೂ ಅಕ್ಕಿಗೂ ಇರುವ ವ್ಯತ್ಯಾಸ ನೂರಕ್ಕೆ ಹತ್ತರಷ್ಟು. ಗೋಧಿ ಹಿಟ್ಟೂ ರಾಗಿಯ ಹತ್ತಿರವೇ. ರಾಗಿಯಲ್ಲಿ ನಾರು ಜಾಸ್ತಿ, ಸುಣ್ಣದ ಅಂಶ ಜಾಸ್ತಿ, ಹೊಟ್ಟೆ ಬೇಗ ತುಂಬುತ್ತದೆ. ಅದೆಲ್ಲ ನಿಜ. ಆದರೆ ಮುದ್ದೆ ಅಂದ ತಕ್ಷಣ ಲೆಕ್ಕವೇ ಬೇಡ ಅಂತಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ನಮ್ಮ ದೇಶದ 528 ಆಹಾರಗಳನ್ನು ಪರೀಕ್ಷಿಸಿ ಪಟ್ಟಿ ಕೊಟ್ಟಿದೆ. ಒಳ್ಳೆಯ ಕೆಲಸ. ಆದರೆ ಅದರಲ್ಲಿರುವುದು ಹೆಚ್ಚಾಗಿ ಹಸಿ ಪದಾರ್ಥ. ಕಾಳು, ಸೊಪ್ಪು, ಹಿಟ್ಟು, ಮೀನು. ನಮ್ಮ ತಟ್ಟೆಗೆ ಬರುವುದು ಬಸ್ಸಾರು, ಹುಳಿ, ಪಲ್ಯ. ಅದಕ್ಕೆ ಅಮ್ಮ ಎಷ್ಟು ಕಾಯಿ ರುಬ್ಬಿದಳು, ಎಷ್ಟು ಎಣ್ಣೆ ಸುರಿದಳು ಅನ್ನುವುದು ಯಾವ ಪಟ್ಟಿಯಲ್ಲೂ ಇಲ್ಲ. ಹೋಟೆಲಿನದಂತೂ ಕೇಳಲೇಬೇಡಿ. ಮಸಾಲೆ ದೋಸೆ ಅಂತ ಹುಡುಕಿದರೆ ನನ್ನ ಆ್ಯಪ್ ಒಂದು ಕಡೆ ಇನ್ನೂರು ಚಿಲ್ಲರೆ ಅಂದಿತು, ಇನ್ನೊಂದು ಕಡೆ ನಾನೂರು ದಾಟಿಸಿತು. ಎರಡೂ ನಿಜ ಇರಬಹುದು. ಮನೆಯ ದೋಸೆಯೇ ಬೇರೆ, ಕಾವಲಿ ಮೇಲೆ ಬೆಣ್ಣೆ ಮುದ್ದೆ ಕರಗಿಸಿ ಕೊಡುವ ದೋಸೆಯೇ ಬೇರೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಶಾಖೆಗಳಿರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿ ಬರೆಯಬೇಕು ಅನ್ನುವ ನಿಯಮ 2022ರಲ್ಲಿ ಜಾರಿಗೆ ಬಂದಿದೆ. ನಮ್ಮ ಬೀದಿ ಕೊನೆಯ ದರ್ಶಿನಿಗೆ ಒಂದೇ ಶಾಖೆ.

ಹಾಗಾದರೆ ಇಷ್ಟು ತಪ್ಪಿರುವ ಲೆಕ್ಕ ಯಾಕೆ ಬರೆಯಬೇಕು?

ಯಾಕೆ ಅಂದರೆ ಬರೆಯದೇ ಇದ್ದರೆ ನಮ್ಮ ಅಂದಾಜು ಇದಕ್ಕಿಂತಲೂ ಹಾಳು. 1992ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಅಧ್ಯಯನ ಆಯಿತು. "ದಿನಕ್ಕೆ 1200 ಕ್ಯಾಲೊರಿ ಕೂಡ ತಿನ್ನಲ್ಲ, ಆದರೂ ತೂಕ ಇಳಿಯಲ್ಲ" ಅನ್ನುವವರನ್ನು ಕರೆದು ಪರೀಕ್ಷೆ ಮಾಡಿದರು. ಅವರ ದೇಹದಲ್ಲಿ ಯಾವ ದೋಷವೂ ಕಾಣಲಿಲ್ಲ. ಅವರು ಹೇಳಿದ್ದಕ್ಕಿಂತ ತುಂಬ ಜಾಸ್ತಿ ತಿನ್ನುತ್ತಿದ್ದರು. ನಿಜವಾಗಿ ತಿಂದಿದ್ದರಲ್ಲಿ ಸರಾಸರಿ 47 ಶೇಕಡಾ ಅವರ ಲೆಕ್ಕಕ್ಕೇ ಬಂದಿರಲಿಲ್ಲ. ಮೈ ದಂಡಿಸಿದ್ದನ್ನು ಮಾತ್ರ 51 ಶೇಕಡಾ ಜಾಸ್ತಿ ಹೇಳಿದ್ದರು. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ತಿಂದಿದ್ದು ನೆನಪಿರುವುದಿಲ್ಲ, ಅಷ್ಟೇ.

ಇದನ್ನು ಓದಿ ನಗು ಬಂತು. ಆಮೇಲೆ ನನ್ನ ದಿನ ನೋಡಿಕೊಂಡೆ. ಬೆಳಿಗ್ಗೆ ಮೂರು ಇಡ್ಲಿ, ಮಧ್ಯಾಹ್ನ ಮುದ್ದೆ, ರಾತ್ರಿ ಎರಡು ಚಪಾತಿ. ಕೇಳಿದರೆ ಇಷ್ಟೇ ಹೇಳುತ್ತಿದ್ದೆ. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ ಅನ್ನುವುದನ್ನು ಊಟ ಅಂತಲೇ ನಾನು ಎಣಿಸಿರಲಿಲ್ಲ. ಎಂಟು ಚಮಚಕ್ಕೆ 150ರ ಮೇಲೆ ಹೋಗುತ್ತದೆ, ಹಾಲು ಬೇರೆ. ಸಂಜೆ ಆಫೀಸಿಂದ ಬಂದು ಡಬ್ಬಕ್ಕೆ ಕೈ ಹಾಕಿ ಹುರಿದ ಕಡಲೆಬೀಜ ಬಾಯಿಗೆ ಹಾಕಿಕೊಳ್ಳುವುದು ಉಸಿರಾಡಿದ ಹಾಗೆ ಅಭ್ಯಾಸ. ಒಂದು ಹಿಡಿ ಅಂದರೆ 30 ಗ್ರಾಂ, 160 ಕ್ಯಾಲೊರಿ. ನನ್ನ ಕೈ ಎರಡು ಸಲ ಹೋಗುತ್ತಿತ್ತು. ಮಗಳು ಬಿಟ್ಟ ಅರ್ಧ ಚಪಾತಿ. ಅಕ್ಕಪಕ್ಕದ ಮನೆಯವರು ಕೊಟ್ಟ ಕೋಡುಬಳೆ. ಬಾಣಲೆ ತಳದಲ್ಲಿ ಉಳಿದ ಒಂದು ಸೌಟು ಚಿತ್ರಾನ್ನ, "ಸುಮ್ನೆ ಯಾಕೆ ಎಸೆಯೋದು" ಅಂತ. ತಕ್ಕಡಿಯಿಂದ ನನಗೆ ಆದ ದೊಡ್ಡ ಉಪಕಾರ ಇದೇ. ಊಟದ ಗ್ರಾಂ ಲೆಕ್ಕ ಅಲ್ಲ, ಊಟ ಅಂತ ಅನ್ನಿಸಿಕೊಳ್ಳದೇ ಒಳಗೆ ಹೋಗುವ ಸಾಮಾನಿನ ಲೆಕ್ಕ.

ಆಮೇಲೆ ಎಣ್ಣೆ. ಒಂದು ದಿನ ಅಮ್ಮನಿಗೆ ಹೇಳದೆ ಎಣ್ಣೆ ಕ್ಯಾನನ್ನು ತಕ್ಕಡಿ ಮೇಲಿಟ್ಟು ತೂಕ ಬರೆದುಕೊಂಡೆ. ಅವಳು ಬೀನ್ಸ್ ಪಲ್ಯಕ್ಕೆ ಒಗ್ಗರಣೆ ಹಾಕಿ ಮುಗಿಸಿದ ಮೇಲೆ ಮತ್ತೆ ಇಟ್ಟೆ. 46 ಗ್ರಾಂ ಕಮ್ಮಿಯಾಗಿತ್ತು. ಒಂಬತ್ತರಿಂದ ಗುಣಿಸಿದರೆ 414. ನಾಲ್ಕು ಜನರಿಗೆ ಹಂಚಿದರೆ ತಲೆಗೆ ನೂರು ಕ್ಯಾಲೊರಿ ಬರೀ ಎಣ್ಣೆಯಿಂದ, ಅದೂ ತಟ್ಟೆ ಮೂಲೆಯಲ್ಲಿ ಕೂರುವ ಪಲ್ಯದಿಂದ. ಬೀನ್ಸಿನದು ಅದರ ಮುಂದೆ ಲೆಕ್ಕಕ್ಕೇ ಇಲ್ಲ. ನಾನು ಇಷ್ಟು ದಿನ 'ಬೀನ್ಸ್ ಪಲ್ಯ, ಒಂದು ಕಪ್' ಅಂತ ಬರೆದು ಸಮಾಧಾನವಾಗಿದ್ದೆ.

ಇದು ಬಂದ ಆದಾಯದ ಕಡೆ. ಖರ್ಚಿನ ಕಡೆಯೂ ನೋಡಬೇಕಲ್ವಾ?

ಹೆಚ್ಚಿನವರು ಖರ್ಚು ಅಂದರೆ ವಾಕಿಂಗು, ಜಿಮ್ಮು ಅಂದುಕೊಳ್ಳುತ್ತಾರೆ. ನಿಜವಾಗಿ ಬಹುಪಾಲು ಖರ್ಚು ಸುಮ್ಮನೆ ಮಲಗಿದ್ದರೂ ಆಗುತ್ತದೆ. ಹೃದಯ ಬಡಿಯಬೇಕು, ಮೆದುಳು, ಯಕೃತ್ತು ಕೆಲಸ ಮಾಡಬೇಕು, ಮೈ ಬೆಚ್ಚಗಿರಬೇಕು. ಕೂತು ಕೆಲಸ ಮಾಡುವ 65 ಕೆಜಿ ಗಂಡಸಿಗೆ ದಿನಕ್ಕೆ 2110, 55 ಕೆಜಿ ಹೆಂಗಸಿಗೆ 1660 ಕ್ಯಾಲೊರಿ ಸಾಕು ಅನ್ನುತ್ತದೆ ಪೋಷಣ ಸಂಸ್ಥೆಯ 2020ರ ಲೆಕ್ಕ. ಐದು ಕಿಲೋಮೀಟರ್ ನಡೆದರೆ ಇದರ ಮೇಲೆ ಸುಮಾರು 250. ಕೆರೆ ಏರಿ ಸುತ್ತಿ ಬಂದು ಗಾಡಿ ಹತ್ತಿರ ನಿಂತು ಒಂದು ಪ್ಲೇಟ್ ಬೋಂಡ ತಿಂದರೆ ವಾಪಸ್ ಬಂತು ಅಂತಲೇ. ನಡೆಯಬೇಡಿ ಅಂತಲ್ಲ. ಸಕ್ಕರೆ ಕಾಯಿಲೆಗೆ, ಹೃದಯಕ್ಕೆ, ನಿದ್ದೆಗೆ, ಇಳಿದ ತೂಕ ಮತ್ತೆ ಏರದಂತೆ ಹಿಡಿಯುವುದಕ್ಕೆ ನಡಿಗೆಯಷ್ಟು ಒಳ್ಳೆಯದು ಕಮ್ಮಿ. ಬರೀ ನಡಿಗೆಯಿಂದ ತೂಕ ಇಳಿಸುವುದು ಮಾತ್ರ ಕಷ್ಟ.

ಇನ್ನು ಎಲ್ಲ ಆ್ಯಪ್‌ಗಳೂ ಹೇಳುವ ಒಂದು ಸೂತ್ರ ಇದೆ. ಒಂದು ಕೆಜಿ ಕೊಬ್ಬು ಅಂದರೆ 7700 ಕ್ಯಾಲೊರಿ. ದಿನಕ್ಕೆ 500 ಕಡಿಮೆ ತಿಂದರೆ ವಾರಕ್ಕೆ ಅರ್ಧ ಕೆಜಿ ಇಳಿಯುತ್ತದೆ. ಇದರ ಮೂಲ ಮ್ಯಾಕ್ಸ್ ವಿಶ್ನೋಫ್‌ಸ್ಕಿ ಅನ್ನುವ ಅಮೆರಿಕದ ವೈದ್ಯರು 1958ರಲ್ಲಿ ಬರೆದ ಲೇಖನ. ಸೂತ್ರ ನಂಬಿದರೆ ವರ್ಷಕ್ಕೆ 23 ಕೆಜಿ ಇಳಿಯಬೇಕು. ನಾಲ್ಕು ವರ್ಷ ಬಿಟ್ಟರೆ ಮನುಷ್ಯನೇ ಮಾಯ! ಎಲ್ಲಿ ತಪ್ಪಾಯಿತು ಅಂದರೆ, ದೇಹ ಕಲ್ಲಲ್ಲ. ತೂಕ ಇಳಿದ ಹಾಗೆ ಅದರ ಖರ್ಚೂ ಇಳಿಯುತ್ತದೆ. 80 ಕೆಜಿ ಮೈ ಹೊತ್ತು ಮೆಟ್ಟಿಲು ಹತ್ತುವುದಕ್ಕೂ 72 ಕೆಜಿ ಹೊತ್ತು ಹತ್ತುವುದಕ್ಕೂ ವ್ಯತ್ಯಾಸ ಇಲ್ಲವಾ? ಅದರ ಮೇಲೆ, ಬರ ಬಂದಾಗ ಮನೆಯೊಡತಿ ಕೈ ಬಿಗಿ ಮಾಡುವ ಹಾಗೆ ದೇಹವೂ ಸಣ್ಣಪುಟ್ಟ ಖರ್ಚು ಕಡಿಮೆ ಮಾಡುತ್ತದೆ. ಆಗ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಮತ್ತು ಜೊತೆಗಾರರು 2011ರಲ್ಲಿ ಕೊಟ್ಟ ಲೆಕ್ಕ ನನಗೆ ಹೆಚ್ಚು ಸರಿ ಅನ್ನಿಸುತ್ತದೆ. ದಿನದ ಊಟದಲ್ಲಿ ಸುಮಾರು 24 ಕ್ಯಾಲೊರಿ ಶಾಶ್ವತವಾಗಿ ಕಡಿಮೆಯಾದರೆ ಕೊನೆಗೆ ಒಂದು ಕೆಜಿ ಇಳಿಯುತ್ತದೆ. ಅದರಲ್ಲಿ ಅರ್ಧ ಇಳಿಯುವುದಕ್ಕೆ ಒಂದು ವರ್ಷ, ಪೂರ್ತಿಯ ಹತ್ತಿರ ಬರುವುದಕ್ಕೆ ಮೂರು ವರ್ಷ. 500 ಕಡಿಮೆ ಮಾಡಿದವರಿಗೆ ಮೊದಲ ವರ್ಷ 23 ಅಲ್ಲ, ಹತ್ತು ಕೆಜಿ.

ಆ್ಯಪ್ ಇದನ್ನು ಹೇಳುವುದಿಲ್ಲ. ಹೇಳಿದರೆ ದುಡ್ಡು ಕೊಟ್ಟು ಯಾರು ಮುಂದುವರಿಸುತ್ತಾರೆ? ನಾಲ್ಕನೇ ತಿಂಗಳು ತೂಕ ನಿಂತಾಗ ಜನ ತಮ್ಮನ್ನೇ ಬೈದುಕೊಂಡು ಬಿಟ್ಟುಬಿಡುತ್ತಾರೆ. ಮೊದಲ ವಾರದ ಖುಷಿಯೂ ಅಷ್ಟೇ ಮೋಸ. ಊಟ ತಗ್ಗಿಸಿದ ಕೂಡಲೇ ದೇಹ ಮೊದಲು ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಪಿಷ್ಟವನ್ನು ಖರ್ಚು ಮಾಡುತ್ತದೆ. ಆ ಪಿಷ್ಟ ತನ್ನ ಮೂರು ಪಟ್ಟು ನೀರನ್ನು ಹಿಡಿದುಕೊಂಡಿರುತ್ತದೆ. ಎರಡು ಕೆಜಿ ಇಳಿಯಿತು ಅಂತ ನಾನು ಕುಣಿದಾಗ ಇಳಿದಿದ್ದು ಬಹುಪಾಲು ನೀರು. ಒಂದು ಬೀಗರೂಟಕ್ಕೆ ಹೋಗಿ ಬಂದ ಮಾರನೇ ದಿನ ಅಷ್ಟೂ ವಾಪಸ್. ಅದೂ ನೀರೇ, ಹೆದರಬೇಕಾಗಿಲ್ಲ.

ಹಾಗಂತ ಇನ್ನೂ ಜಾಸ್ತಿ ಬಿಗಿದರೆ? 1944-45ರಲ್ಲಿ, ಯುದ್ಧದ ಹೊತ್ತಿನಲ್ಲಿ, ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವವರು 36 ಆರೋಗ್ಯವಂತ ಯುವಕರ ಮೇಲೆ ಪ್ರಯೋಗ ಮಾಡಿದರು. ಅವರು ತಾವಾಗಿಯೇ ಒಪ್ಪಿ ಬಂದವರು. 24 ವಾರ ದಿನಕ್ಕೆ ಸುಮಾರು 1570 ಕ್ಯಾಲೊರಿ ಊಟ, ವಾರಕ್ಕೆ 35 ಕಿಲೋಮೀಟರ್ ನಡಿಗೆ. ತೂಕ ಕಾಲು ಭಾಗ ಇಳಿಯಿತು. ಜೊತೆಗೆ ಬೇರೆ ಏನೇನೋ ಆಯಿತು. ಸದಾ ಚಳಿ, ಸಿಟ್ಟು, ಯಾವುದರಲ್ಲೂ ಆಸಕ್ತಿ ಇಲ್ಲ. ಕನಸಿನಲ್ಲೂ ಊಟ. ಅಡುಗೆ ಪುಸ್ತಕ ಕೂಡಿಸುವುದು, ತಟ್ಟೆ ನೆಕ್ಕುವುದು. ಪ್ರಯೋಗ ಮುಗಿದ ಮೇಲೆ ಎಷ್ಟು ತಿಂದರೂ ಸಾಲದು ಅನ್ನುವ ಸ್ಥಿತಿ. ಅವರು ಮೊದಲೇ ತೆಳ್ಳಗಿದ್ದವರು, ನಮಗೆ ನೇರ ಹೋಲಿಕೆ ಇಲ್ಲ. ಆದರೂ 1570 ಅನ್ನುವ ಅಂಕಿ ನೋಡಿ. ಇವತ್ತು ಎಷ್ಟೋ ಗಂಡಸರಿಗೆ ಆ್ಯಪ್ ಕೊಡುವ ಗುರಿ ಇದಕ್ಕಿಂತ ಕೆಳಗಿರುತ್ತದೆ. ಈಗ ತಿನ್ನುತ್ತಿರುವುದಕ್ಕಿಂತ ಮುನ್ನೂರೋ ನಾನೂರೋ ಕಡಿಮೆ, ಅಷ್ಟಕ್ಕೆ ನಿಲ್ಲಿಸುವುದು ಜಾಣತನ.

ಎಷ್ಟು ಅನ್ನುವುದರ ಜೊತೆ ಯಾವುದು ಅನ್ನುವುದೂ ಇದೆ. ಅದೇ ಕೆವಿನ್ ಹಾಲ್ 2019ರಲ್ಲಿ 20 ಜನರನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು ಎರಡು ವಾರ ಕಾರ್ಖಾನೆಯ ಸಿದ್ಧ ತಿಂಡಿ, ಎರಡು ವಾರ ಸಾದಾ ಅಡುಗೆ ಬಡಿಸಿದರು. ಮುಂದಿಟ್ಟ ಊಟದಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರು ಎಲ್ಲ ಸಮ. ಬೇಕಾದಷ್ಟು ತಿನ್ನಿ ಅಂದರು. ಸಿದ್ಧ ತಿಂಡಿಯ ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ಒಂದು ಕೆಜಿಯ ಹತ್ತಿರ ದಪ್ಪ ಆದರು. ಸಾದಾ ಅಡುಗೆಯಲ್ಲಿ ಅಷ್ಟೇ ಇಳಿದರು. ಯಾರ ಕೈಯಲ್ಲೂ ತಕ್ಕಡಿ ಇರಲಿಲ್ಲ. ಬಿಸ್ಕತ್ತಿಗೆ ಅಗಿಯುವ ಕೆಲಸ ಇಲ್ಲ, ಹೊಟ್ಟೆಗೆ ಸುದ್ದಿ ಮುಟ್ಟುವಷ್ಟರಲ್ಲಿ ಪೊಟ್ಟಣ ಖಾಲಿ. ಒಂದು ಬಟ್ಟಲು ಹೆಸರುಬೇಳೆ ಕೋಸಂಬರಿಯನ್ನು ಆ ವೇಗದಲ್ಲಿ ತಿಂದು ತೋರಿಸಿ ನೋಡೋಣ!

ನಮ್ಮವರಿಗೆ ಇನ್ನೊಂದು ತೊಂದರೆ ಇದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ತಮ್ಮದೂ ತಮ್ಮ ಬ್ರಿಟಿಷ್ ಗೆಳೆಯರೊಬ್ಬರದೂ ಫೋಟೊ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿದರು. ಎತ್ತರಕ್ಕೆ ತಕ್ಕ ತೂಕದ ಅಳತೆ ಇಬ್ಬರದೂ ಒಂದೇ, 22.3. ಗೆಳೆಯರ ಮೈಯಲ್ಲಿ ಕೊಬ್ಬು 9.1 ಶೇಕಡಾ, ಯಾಜ್ಞಿಕ್ ಅವರಲ್ಲಿ 21.2. ನೋಡುವುದಕ್ಕೆ ತೆಳ್ಳಗೆ, ಒಳಗೆ ಕೊಬ್ಬು. ಅದಕ್ಕೇ ಬರೀ ಅನ್ನ ಕಡಿಮೆ ಮಾಡಿ ತೂಕ ಇಳಿಸಿದರೆ ಮೊದಲೇ ಕಮ್ಮಿ ಇರುವ ಸ್ನಾಯುವೂ ಜೊತೆಗೆ ಕರಗುತ್ತದೆ. ಅನ್ನ ತಗ್ಗಿಸಿದ ಜಾಗಕ್ಕೆ ಹುರುಳಿಕಾಳು, ಮೊಟ್ಟೆ, ಮೊಸರು, ಮೀನು ಯಾವುದಾದರೂ ಬರಬೇಕು, ಸ್ವಲ್ಪ ಭಾರ ಎತ್ತಬೇಕು. ತೂಕದ ಯಂತ್ರಕ್ಕಿಂತ ಟೈಲರ್ ಟೇಪೇ ಒಳ್ಳೆಯದು ಅನ್ನಿಸುತ್ತದೆ. ಭಾರತೀಯ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು.

ಎಲ್ಲರೂ ಈ ಲೆಕ್ಕಕ್ಕೆ ಇಳಿಯಬಾರದು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳು ಬೇಡವೇ ಬೇಡ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ತಗ್ಗಿಸಿದರೆ ಸಕ್ಕರೆ ಧುತ್ತನೆ ಬಿದ್ದುಹೋಗಬಹುದು. ಊಟದ ವಿಷಯದಲ್ಲಿ ಮೊದಲೇ ಮನಸ್ಸು ಕೆಡಿಸಿಕೊಂಡವರಿಗೆ, ತಿಂದು ಪಶ್ಚಾತ್ತಾಪ ಪಡುವವರಿಗೆ, ಅಂಕಿಗಳು ಗಾಯದ ಮೇಲೆ ಉಪ್ಪು. ನನಗೇ ಐದನೇ ವಾರ ಗೊತ್ತಾಯಿತು. ತಂಗಿ ಮನೆಯ ಗೃಹಪ್ರವೇಶದಲ್ಲಿ ಎಲೆ ಮುಂದೆ ಕೂತು ಹೋಳಿಗೆ ನೋಡುತ್ತ ಮನಸ್ಸಿನಲ್ಲೇ ಗುಣಿಸುತ್ತಿದ್ದೆ. ಪಕ್ಕದಲ್ಲಿ ಮಾವ ಏನೋ ಹೇಳುತ್ತಿದ್ದರು, ಒಂದೂ ಕಿವಿಗೆ ಬಿದ್ದಿರಲಿಲ್ಲ. ಆರನೇ ವಾರ ಮುಗಿದ ಕೂಡಲೇ ಆ್ಯಪ್ ತೆಗೆದುಹಾಕಿದೆ.

ಆ ಹೊತ್ತಿಗೆ ಕಣ್ಣಿಗೆ ಅಳತೆ ಬಂದುಬಿಟ್ಟಿತ್ತು. ಕಡಲೆಬೀಜದ ಡಬ್ಬ ಮೇಲಿನ ಅಟ್ಟಕ್ಕೆ ಹೋಯಿತು. ಕಾಫಿ ಎರಡು ಲೋಟಕ್ಕೆ ಬಂತು, ಸಕ್ಕರೆ ಅರ್ಧ ಚಮಚಕ್ಕೆ. ಮುದ್ದೆ ಮೊದಲಿನಷ್ಟೇ ಇದೆ. ಸೊಪ್ಪು, ಕಾಳು ಜಾಸ್ತಿಯಾಗಿದೆ.

ಉಳಿದಿದ್ದು ಎಣ್ಣೆ. ಒಂದೇ ಪಾತ್ರೆಯಲ್ಲಿ ಬೇಯುವ ಅಡುಗೆಯನ್ನು ಒಬ್ಬೊಬ್ಬರ ತಟ್ಟೆಯಲ್ಲಿ ಅಳೆಯುವುದು ಹುಚ್ಚು. ಹಾಗಾಗಿ ಕ್ಯಾನನ್ನೇ ಅಳೆದೆವು. ನಮ್ಮ ನಾಲ್ಕು ಜನರ ಮನೆಗೆ ತಿಂಗಳಿಗೆ ಐದು ಲೀಟರ್ ಆಗುತ್ತಿತ್ತು. ಅಂದರೆ ತಲೆಗೆ ದಿನಕ್ಕೆ 38 ಗ್ರಾಂ, 340 ಕ್ಯಾಲೊರಿ. ಪೋಷಣ ಸಂಸ್ಥೆಯ 2024ರ ಸಲಹೆಯಲ್ಲಿ 2000 ಕ್ಯಾಲೊರಿಯ ದಿನಕ್ಕೆ ಎಣ್ಣೆ-ತುಪ್ಪ ಎಲ್ಲ ಸೇರಿ 27 ಗ್ರಾಂ. ಐದು ಲೀಟರ್ ನಲವತ್ತು ದಿನ ಬಂದರೆ ತಲೆಗೆ 28 ಗ್ರಾಂ ಆಗುತ್ತದೆ. ಇದನ್ನು ಅಮ್ಮನಿಗೆ ಹೇಳಿದೆ. ಕ್ಯಾಲೊರಿ ಅಂದಾಗ ನಕ್ಕವಳಿಗೆ ಈ ಲೆಕ್ಕ ಒಂದೇ ಸಲಕ್ಕೆ ಅರ್ಥವಾಯಿತು. ಸಂಸಾರ ತೂಗಿಸಿದವಳು ಅವಳು. ಹೊಸ ಕ್ಯಾನ್ ಒಡೆದ ದಿನ ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ತಾರೀಖು ಬರೆಸಿದಳು. ಕ್ಯಾನಿನಿಂದ ಸುರಿಯುವುದು ನಿಂತು ಹಳೆಯ ಸ್ಟೀಲ್ ಚಮಚ ಹೊರಗೆ ಬಂತು.

ಮೊದಲ ಕ್ಯಾನ್ 34 ದಿನ ಬಂತು. ಎರಡನೆಯದು 39. ದೀಪಾವಳಿ ತಿಂಗಳಿನದು 22 ದಿನಕ್ಕೇ ಮುಗಿಯಿತು. ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ಅಮ್ಮನೇ ತೀರ್ಪು ಕೊಟ್ಟಿದ್ದಾಳೆ.